ಗುಬ್ಬಿಗೂ ಗರುಡನ ಕಾನೂನು

ಹದಿನೈದು ವರ್ಷದ ಹಿಂದೆ ಗುಬ್ಬಿಯಲ್ಲಿ ಯಾರಾದರೂ ವಿಮಾನ, ಹೆಲಿಕಾಪ್ಟರ್ ಎಂದು ಮಾತು ತೆಗೆದಿದ್ದರೆ ಜನ ನಕ್ಕುಬಿಡುತ್ತಿದ್ದರು. ಈಗ ಯಾರೂ ನಗುವುದಿಲ್ಲ. ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದು ನಿಂತಿದೆ. 2016ರ ಜನವರಿಯಲ್ಲಿ ಅಡಿಗಲ್ಲು, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಕಾವಲು ಎಂದರೆ ದನ ಮೇಯುವ ಬಯಲು ಎಂದಷ್ಟೇ ಗೊತ್ತಿದ್ದ ಊರಿಗೆ ರೋಟರ್, ಹ್ಯಾಂಗರ್ ಎಂಬ ಪದಗಳು ಬಂದು ಸೇರಿದವು. ಅತ್ತ ಕುಣಿಗಲ್ ಕಡೆಯವರದು ಬೇರೆಯೇ ಲೆಕ್ಕ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಸರ್ಕಾರ ಸೂಚಿಸಿದ ಜಾಗಗಳಲ್ಲಿ ನೆಲಮಂಗಲ–ಕುಣಿಗಲ್ ರಸ್ತೆಯದೂ ಒಂದು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡೂ ಹೋಯಿತು. ಎಕರೆಗೆ ಎಷ್ಟು ಎಂಬ ಮಾತಿನ ಜೊತೆಗೆ ರನ್‌ವೇ ಎಲ್ಲಿಂದ ಎಲ್ಲಿಗೆ ಎಂಬ ಮಾತೂ ಅಲ್ಲಿನ ಟೀ ಅಂಗಡಿಗೆ ಬಂತು.

ಇಂಥ ಮಾತಿನ ನಡುವೆ ಒಂದು ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಕಾಸಿರುವವನು ಒಬ್ಬ ಪುಟ್ಟ ವಿಮಾನ ಕೊಂಡ ಎಂದಿಟ್ಟುಕೊಳ್ಳಿ. ಕಾರು ತೆಗೆದುಕೊಂಡು ಧರ್ಮಸ್ಥಳಕ್ಕೆ ಹೋದ ಹಾಗೆ ಅವನು ವಿಮಾನ ತೆಗೆದುಕೊಂಡು ಶ್ರೀಲಂಕಾಕ್ಕೆ ಹೋಗಿಬರಬಹುದೇ?

ಹೋಗಬಹುದು. ಕಾನೂನು ಬೇಡ ಎನ್ನುವುದಿಲ್ಲ. ಹಾರಾಟ ಎರಡೂವರೆ ಗಂಟೆಯದು. ಆದರೆ ಆ ಎರಡೂವರೆ ಗಂಟೆಗಾಗಿ ನೆಲದ ಮೇಲೆ ಕಳೆಯುವ ದಿನಗಳಿವೆಯಲ್ಲ, ನಿಜವಾದ ಪ್ರಯಾಣ ಅದೇ.

ಬಿಳಿ ಬೋರ್ಡಿನ ವಿಮಾನ

ತುಮಕೂರಿನ ಕಾರಿಗೆ ಕೆಎ–06 ಇದ್ದಂತೆ ಭಾರತದ ಪ್ರತಿ ನಾಗರಿಕ ವಿಮಾನದ ಮೈಮೇಲೆ ‘ವಿಟಿ’ ಎಂಬ ಎರಡಕ್ಷರ, ಅದರ ಮುಂದೆ ಅದರದೇ ಮೂರಕ್ಷರ ಇರುತ್ತದೆ. ಬ್ರಿಟಿಷರ ಕಾಲದಲ್ಲಿ ಅಂಟಿದ ಗುರುತು ಇದು. ಇನ್ನೂ ಹೋಗಿಲ್ಲ. ಶ್ರೀಲಂಕಾದ ವಿಮಾನಕ್ಕೆ ‘4ಆರ್’, ನೇಪಾಳದ್ದಕ್ಕೆ ‘9ಎನ್’. ಗಡಿ ದಾಟಿದ ವಿಮಾನ ಯಾರ ಮನೆಯದು ಎಂದು ಹೇಳುವುದು ಈ ಅಕ್ಷರಗಳೇ.

ನೋಂದಣಿಯಲ್ಲೂ ಕಾರಿನ ಹಾಗೆ ಬಿಳಿ ಬೋರ್ಡು, ಹಳದಿ ಬೋರ್ಡು ಎಂಬ ಭೇದವಿದೆ. ಖಾಸಗಿ ಎಂದು ನೋಂದಾಯಿಸಿದ ವಿಮಾನದಲ್ಲಿ ನೆಂಟರನ್ನು ಕೂರಿಸಿಕೊಂಡು ಹೋಗಬಹುದು, ಅವರಿಂದ ಬಾಡಿಗೆ ಇಸಿದುಕೊಳ್ಳುವಂತಿಲ್ಲ. ಸ್ವಂತ ಬಳಕೆಯ ವಿಮಾನ ಸರ್ಕಾರದ ಕಣ್ಣಿಗೆ ಶೋಕಿಯ ವಸ್ತು. 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ ಶೇ 28ರಿಂದ 40ಕ್ಕೆ ಏರಿತು. ಓಡಿಸುವವನಿಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಬೇಕು: ಕನಿಷ್ಠ 17 ವರ್ಷ ವಯಸ್ಸು, ಕನಿಷ್ಠ 40 ಗಂಟೆ ಹಾರಾಟ, ವೈದ್ಯರ ಸರ್ಟಿಫಿಕೇಟು, ರೇಡಿಯೊದಲ್ಲಿ ಮಾತಾಡಲು ಬೇರೆಯೇ ಒಂದು ಲೈಸೆನ್ಸು. ಇದನ್ನು ಕಲಿಯಲು ನಮ್ಮವರಿಗೆ ಹತ್ತಿರದ ಜಾಗ ಬೆಂಗಳೂರಿನ ಜಕ್ಕೂರು. ಮೈಸೂರು ಸಂಸ್ಥಾನದ ಕೊನೆಗಾಲದಲ್ಲಿ, 1940ರ ದಶಕದ ಅಂತ್ಯಕ್ಕೆ ಶುರುವಾದ ಸರ್ಕಾರಿ ವಿಮಾನ ತರಬೇತಿ ಶಾಲೆ ಅಲ್ಲಿದೆ.

ಇಂಥವರು ಸಾಮಾನ್ಯವಾಗಿ ಕೊಳ್ಳುವುದು ಸೆಸ್ನಾ 172ರಂಥ ವಿಮಾನ. 1956ರಿಂದ ಇದುವರೆಗೆ 40,000ಕ್ಕೂ ಹೆಚ್ಚು ಸೆಸ್ನಾ 172 ತಯಾರಾಗಿವೆ. ಜಗತ್ತಿನಲ್ಲಿ ಬೇರೆ ಯಾವ ಮಾದರಿಯ ವಿಮಾನವೂ ಇಷ್ಟು ತಯಾರಾಗಿಲ್ಲ. ನಾಲ್ಕು ಸೀಟು, ಒಂದೇ ಎಂಜಿನ್, ತಲೆಯ ಮೇಲೆ ರೆಕ್ಕೆ. ಒಳಗೆ ಕೂತರೆ ಹಳೆಯ ಅಂಬಾಸಿಡರಿಗಿಂತ ಇಕ್ಕಟ್ಟು.

ಹೊರಡುವ ಮುನ್ನ ಪೈಲಟ್ ಮಾಡುವ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ರೆಕ್ಕೆಯ ಕೆಳಗೆ ಬಗ್ಗಿ, ಕೈಯಲ್ಲಿನ ಗಾಜಿನಂಥ ಪುಟ್ಟ ಲೋಟವನ್ನು ಒಂದು ಕವಾಟಕ್ಕೆ ಒತ್ತುತ್ತಾನೆ. ಎರಡು ಚಮಚದಷ್ಟು ಇಂಧನ ಲೋಟಕ್ಕೆ ಇಳಿಯುತ್ತದೆ. ಅದನ್ನು ಬೆಳಕಿಗೆ ಹಿಡಿಯುತ್ತಾನೆ. ಬಣ್ಣ ತಿಳಿನೀಲಿ ಇರಬೇಕು. ಸೆಸ್ನಾ ಕುಡಿಯುವುದು ಆವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲು, ಗುರುತಿಗೆಂದೇ ಅದಕ್ಕೆ ನೀಲಿ ಬೆರೆಸಿರುತ್ತಾರೆ. ಬಣ್ಣವಿಲ್ಲದಿದ್ದರೆ ಯಾರೋ ಜೆಟ್ ವಿಮಾನದ ಸೀಮೆಎಣ್ಣೆಯಂಥ ಇಂಧನ ತುಂಬಿದ್ದಾರೆಂದು ಅರ್ಥ. ತಳದಲ್ಲಿ ಮುತ್ತಿನಂಥ ಹನಿ ಕೂತಿದ್ದರೆ ಟ್ಯಾಂಕಿಗೆ ನೀರು ಸೇರಿದೆ. ಎರಡರಲ್ಲಿ ಯಾವುದಾದರೂ ಎಂಜಿನ್ ನಿಲ್ಲಿಸೀತು. ಈ ನೀಲಿ ಎಣ್ಣೆಯನ್ನು ಭಾರತ ಬಹುಕಾಲ ಹೊರಗಿನಿಂದಲೇ ತರಿಸುತ್ತಿತ್ತು. ಇಂಡಿಯನ್ ಆಯಿಲ್ ಗುಜರಾತಿನ ತನ್ನ ಸಂಸ್ಕರಣಾಗಾರದಲ್ಲಿ ಅದನ್ನು ಮಾಡಿ ಮಾರುಕಟ್ಟೆಗೆ ಬಿಟ್ಟದ್ದು 2022ರ ಸೆಪ್ಟೆಂಬರಿನಲ್ಲಿ. ಎಲ್ಲ ವಿಮಾನ ನಿಲ್ದಾಣದಲ್ಲೂ ಇದು ಸಿಗುವುದಿಲ್ಲ. ಹೀಗಾಗಿ ಪುಟ್ಟ ವಿಮಾನದವನ ಮೊದಲ ಪ್ರಶ್ನೆ ‘ದೂರ ಎಷ್ಟು’ ಎಂದಲ್ಲ, ‘ಅಲ್ಲಿ ಎಣ್ಣೆ ಉಂಟೇ’ ಎಂದು.

ನೀರಿನ ಮೇಲಿನ ಲೆಕ್ಕ

ಯಾವ ದೇಶಕ್ಕೆ ಹೋಗುವುದು? ಪಾಕಿಸ್ತಾನ, ಭಾರತ ಎರಡೂ 2025ರ ಏಪ್ರಿಲ್‌ನಲ್ಲಿ ಒಬ್ಬರ ವಿಮಾನಕ್ಕೆ ಇನ್ನೊಬ್ಬರ ಆಕಾಶ ಮುಚ್ಚಿದವು. ನೇಪಾಳ ನಮಗೆ ದೂರ; ಕಠ್ಮಂಡುವಿನ ಸುತ್ತ ಬೆಟ್ಟದ ಕೋಟೆ. ಮಾಲ್ಡೀವ್ಸ್‌ಗೆ ನಡುವೆ ಸಮುದ್ರವೇ ಸಮುದ್ರ. ಕಣ್ಣಿಗೆ ಕಂಡದ್ದನ್ನು ನಂಬಿ ಹಾರುವ ಪದ್ಧತಿಗೆ ಪೈಲಟ್‌ಗಳು ವಿಎಫ್‌ಆರ್ ಎನ್ನುತ್ತಾರೆ. ಆ ಪದ್ಧತಿಯಲ್ಲಿ ಭಾರತದ ನಿಯಂತ್ರಿತ ಆಕಾಶದಲ್ಲಿ ದಡದಿಂದ 100 ನಾಟಿಕಲ್ ಮೈಲಿ ಆಚೆ ಹೋಗುವಂತಿಲ್ಲ, ಕತ್ತಲಾದ ಮೇಲೆ ಹಾರುವಂತೆಯೂ ಇಲ್ಲ. ಉಳಿದದ್ದು ಶ್ರೀಲಂಕಾ. ಅದರಲ್ಲೂ ಜಾಫ್ನಾ.

ಜಕ್ಕೂರಿನಿಂದ ತಿರುಚಿರಾಪಳ್ಳಿಗೆ ಹಕ್ಕಿ ಹಾರುವ ದಾರಿ ಸುಮಾರು 280 ಕಿಲೊಮೀಟರ್. ಗಂಟೆಗೆ 200 ಕಿಲೊಮೀಟರ್ ಎಂದುಕೊಂಡರೂ ಒಂದೂವರೆ ಗಂಟೆ. ಅಲ್ಲಿಂದ ಜಾಫ್ನಾದ ಪಲಾಲಿ ವಿಮಾನ ನಿಲ್ದಾಣಕ್ಕೆ ನೇರ ಹೋದರೆ 185 ಕಿಲೊಮೀಟರ್, ಅದರಲ್ಲಿ ಹತ್ತಿರಹತ್ತಿರ 100 ಕಿಲೊಮೀಟರ್ ನೀರಿನ ಮೇಲೆ. ಆದರೆ ಎಡಕ್ಕೆ ಸ್ವಲ್ಪ ಸುತ್ತಿ, ಭೂಮಿ ಸಮುದ್ರದೊಳಗೆ ಮೂಗು ಚಾಚಿದಂತಿರುವ ಕೋಡಿಯಕ್ಕರೈ ತುದಿಯಿಂದ ಹಾಯ್ದರೆ ದಾರಿ ಹತ್ತು ಕಿಲೊಮೀಟರ್ ಹೆಚ್ಚುತ್ತದೆ, ನೀರು 55 ಕಿಲೊಮೀಟರಿಗೆ ಇಳಿಯುತ್ತದೆ. ಒಂದೇ ಎಂಜಿನ್ ನಂಬಿದವನು ಆಯ್ದುಕೊಳ್ಳುವುದು ಈ ಸುತ್ತುದಾರಿಯನ್ನೇ.

ಏಕೆಂದರೆ ಅವನ ತಲೆಯಲ್ಲಿ ಓಡುವ ಲೆಕ್ಕ ಇದು. ಎಂಜಿನ್ ನಿಂತರೆ ಸೆಸ್ನಾ ಕಲ್ಲಿನಂತೆ ಬೀಳುವುದಿಲ್ಲ; ಒಂದು ಕಿಲೊಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಕಿಲೊಮೀಟರ್ ಮುಂದಕ್ಕೆ ತೇಲುತ್ತದೆ. ಎಷ್ಟು ಎತ್ತರದಿಂದ ತೇಲುತ್ತೀರಿ ಎಂಬುದಕ್ಕೂ ನಿಯಮವಿದೆ: ಪೂರ್ವದ ಕಡೆ ಹೋಗುವವರಿಗೆ ಬೆಸ ಸಾವಿರ ಅಡಿಗೆ 500 ಕೂಡಿಸಿದ ಎತ್ತರ, ಪಶ್ಚಿಮಕ್ಕೆ ಹೋಗುವವರಿಗೆ ಸರಿ ಸಾವಿರಕ್ಕೆ 500 ಕೂಡಿಸಿದ್ದು. ಎದುರುಬದುರು ಬರುವವರು ಢಿಕ್ಕಿಯಾಗದಿರಲಿ ಎಂಬ ಜಾಣತನ ಇದು. ಅದರಂತೆ 9,500 ಅಡಿ ಎತ್ತರ ಸಿಕ್ಕಿತು ಎನ್ನಿ. ಅಂದರೆ 2.9 ಕಿಲೊಮೀಟರ್. ತೇಲಿದರೆ 26 ಕಿಲೊಮೀಟರ್. ಕಡಲ ನಟ್ಟನಡುವೆ ಎಂಜಿನ್ ಕೈಕೊಟ್ಟರೆ ಆಚೆ ದಡ 27 ಕಿಲೊಮೀಟರ್, ಈಚೆ ದಡವೂ 27. ಗಾಳಿ ಎದುರಿಗಿಲ್ಲದಿದ್ದರೆ ಎರಡರಲ್ಲಿ ಒಂದನ್ನು ಮುಟ್ಟುವ ಹಾಗೆ ಇರುತ್ತೀರಿ, ಮುಟ್ಟದೆಯೂ ಇರುತ್ತೀರಿ. ನಡುವಿನ ಆ ಒಂದೆರಡು ಕಿಲೊಮೀಟರ್ ದೇವರ ಪಾಲು. ಹಾಗಾಗಿಯೇ ಲೈಫ್ ಜಾಕೆಟ್ಟನ್ನು ಸೀಟಿನ ಹಿಂದೆ ಇಡದೆ ಮೈಮೇಲೆ ತೊಟ್ಟು ಕೂರುವುದು ಲೇಸು.

ಇಷ್ಟೆಲ್ಲ ಸೇರಿ ಆಕಾಶದಲ್ಲಿ ಕಳೆಯುವ ಸಮಯ ಎರಡೂವರೆ ಗಂಟೆ. ಉರಿಯುವ ಎಣ್ಣೆ 90 ಲೀಟರಿಗಿಂತ ಕಡಿಮೆ. ಟ್ಯಾಂಕಿನಲ್ಲಿ ಬಳಸಲು ಸಿಗುವುದು 200 ಲೀಟರ್. ತಿರುಚಿರಾಪಳ್ಳಿಯಲ್ಲಿ ತುಂಬಿಸಿ ಹೊರಟರೆ ಜಾಫ್ನಾದಲ್ಲಿ ಹನಿ ಎಣ್ಣೆ ಕೇಳದೆ ವಾಪಸಾಗಬಹುದು. ಗಡಿಯಾರವನ್ನೂ ತಿರುಗಿಸಬೇಕಿಲ್ಲ, ಶ್ರೀಲಂಕಾದ ವೇಳೆಯೂ ನಮ್ಮದೂ ಒಂದೇ. ವಾರದ ದಿನ ತುಮಕೂರಿನಿಂದ ಗೊರಗುಂಟೆಪಾಳ್ಯ ದಾಟಿ ಜಕ್ಕೂರಿಗೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಅದಕ್ಕೂ ಹೆಚ್ಚುಕಡಿಮೆ ಇಷ್ಟೇ ಹೊತ್ತು.

ಕುದುರೆಯ ಸುಳಿ, ವಿಮಾನದ ಕಡತ

ಇನ್ನು ಕಾಗದದ ಪ್ರಯಾಣ. ಜಕ್ಕೂರಿನಿಂದ ನೇರವಾಗಿ ಜಾಫ್ನಾಕ್ಕೆ ಹಾರುವಂತಿಲ್ಲ, ಜಕ್ಕೂರಿನಲ್ಲಿ ಕಸ್ಟಮ್ಸ್ ಇಲ್ಲ. 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ದೇಶ ಬಿಡುವ ವಿಮಾನಕ್ಕೆ ಕಸ್ಟಮ್ಸ್ ಅಧಿಕಾರಿಯ ಲಿಖಿತ ಆದೇಶ ಬೇಕು. ಹೊರಗಿನಿಂದ ಬರುವ ವಿಮಾನ ಮೊದಲು ಇಳಿಯಬೇಕಾದ್ದೂ ಕಸ್ಟಮ್ಸ್ ವಿಮಾನ ನಿಲ್ದಾಣದಲ್ಲೇ. ಆದ್ದರಿಂದಲೇ ತಿರುಚಿರಾಪಳ್ಳಿ. ಏರ್‌ಬಸ್‌ನಲ್ಲಿ ಸಿಂಗಪುರಕ್ಕೆ ಹೋಗುವ 180 ಜನ ನಿಂತ ಇಮಿಗ್ರೇಷನ್ ಸಾಲಿನ ಪಕ್ಕದಲ್ಲೇ ನಮ್ಮ ಸೆಸ್ನಾದ ಇಬ್ಬರೂ ಪಾಸ್‌ಪೋರ್ಟ್ ಹಿಡಿದು ನಿಲ್ಲಬೇಕು. ಇಬ್ಬರಿಗೂ ಭದ್ರತಾ ತಪಾಸಣೆ. ತಮ್ಮದೇ ವಿಮಾನಕ್ಕೆ ತಾವು ಬಾಂಬ್ ಒಯ್ಯುತ್ತಿಲ್ಲ ಎಂದು ಅವರು ತೋರಿಸಿಕೊಡಬೇಕು.

ಮನುಷ್ಯರ ಪಾಸ್‌ಪೋರ್ಟ್ ಆದ ಮೇಲೆ ವಿಮಾನದ್ದು. ಕುಣಿಗಲ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಿಪ್ಪುವಿನ ಕಾಲದ ನೆನಪು ಹೊತ್ತ ಕುದುರೆ ಫಾರ್ಮು ಅಲ್ಲಿದೆ. ರೇಸ್ ಕುದುರೆಗೂ ಪಾಸ್‌ಪೋರ್ಟ್ ಇರುತ್ತದೆ, ಅದರಲ್ಲಿ ತಂದೆತಾಯಿ ಯಾರು, ಮೈಮೇಲೆ ಸುಳಿ ಎಲ್ಲೆಲ್ಲಿವೆ ಎಂದು ಚಿತ್ರ ಬರೆದು ಗುರುತು ಹಾಕಿರುತ್ತಾರೆ. ವಿಮಾನದ ಕಡತವೂ ಅಂಥದ್ದೇ. 1944ರ ಡಿಸೆಂಬರ್ 7ರಂದು ಷಿಕಾಗೊದಲ್ಲಿ ಸಹಿಯಾದ ಒಪ್ಪಂದದ 29ನೇ ವಿಧಿ, ಗಡಿ ದಾಟುವ ವಿಮಾನದೊಳಗೆ ಏನೇನಿರಬೇಕು ಎಂದು ಪಟ್ಟಿ ಮಾಡಿದೆ: ನೋಂದಣಿ ಪತ್ರ, ಹಾರಲು ಯೋಗ್ಯ ಎಂಬ ಪತ್ರ, ಪೈಲಟ್‌ನ ಲೈಸೆನ್ಸು, ಪ್ರಯಾಣದ ಲಾಗ್ ಬುಕ್ಕು, ರೇಡಿಯೊ ಲೈಸೆನ್ಸು, ಪ್ರಯಾಣಿಕರ ಹೆಸರು, ಸರಕಿದ್ದರೆ ಅದರ ಪಟ್ಟಿ. ಜಂಬೊ ಜೆಟ್ಟಿಗೂ ಇದೇ ಪಟ್ಟಿ, ಸೆಸ್ನಾಕ್ಕೂ ಇದೇ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ನಾವು ಗಾದೆಮಾತಿಗೆ ಹೇಳುವುದನ್ನು ವಿಮಾನಯಾನದವರು ಕಾನೂನು ಮಾಡಿಟ್ಟಿದ್ದಾರೆ.

ವಿಚಿತ್ರವೆಂದರೆ ಅದೇ ಒಪ್ಪಂದದ 5ನೇ ವಿಧಿ ಬಹಳ ಉದಾರಿ. ವೇಳಾಪಟ್ಟಿಯಿಲ್ಲದ ವಿಮಾನಗಳು ಮುಂಗಡ ಅನುಮತಿಯಿಲ್ಲದೆ ಇನ್ನೊಂದು ದೇಶದೊಳಗೆ ಬರಬಹುದು ಎನ್ನುತ್ತದೆ ಅದು. ಆದರೆ ಇಳಿಯಿರಿ ಎಂದು ಹೇಳುವ ಹಕ್ಕನ್ನು, ಸುರಕ್ಷತೆಯ ಷರತ್ತುಗಳನ್ನು ಆಯಾ ದೇಶಕ್ಕೇ ಬಿಟ್ಟಿತು. ಆ ಕಿಂಡಿಯಿಂದ ಎಲ್ಲ ಕಾಗದವೂ ಒಳಗೆ ಬಂತು. ಶ್ರೀಲಂಕಾದ ವಿಮಾನಯಾನ ಪ್ರಾಧಿಕಾರದ ಒಪ್ಪಿಗೆ ಮೊದಲೇ ಬೇಕು. ಇಲ್ಲಿ ಫ್ಲೈಟ್ ಪ್ಲಾನ್ ಸಲ್ಲಿಸಬೇಕು. ಅದರ ಮೇಲೆ ಎರಡು ನಂಬರು ಪಡೆಯಬೇಕು: ಒಂದು ಎಫ್‌ಐಸಿ, ಅಂದರೆ ವಿಮಾನ ಮಾಹಿತಿ ಕೇಂದ್ರದ್ದು, ಇನ್ನೊಂದು ಎಡಿಸಿ, ಅಂದರೆ ವಾಯು ರಕ್ಷಣೆಯದು. ಪೈಲಟ್‌ಗಳ ಬಾಯಲ್ಲಿ ‘ಎಡಿಸಿ ಬಂತಾ?’ ಎಂಬುದು ‘ಊಟ ಆಯ್ತಾ?’ ಎನ್ನುವಷ್ಟು ಸಾಮಾನ್ಯ. ರೇಡಾರಿನ ಮುಂದೆ ಕೂತ ವಾಯುಪಡೆಯವನಿಗೆ ಪರದೆಯ ಮೇಲಿನ ಚುಕ್ಕಿ ಮಿತ್ರನದೋ ಅಪರಿಚಿತನದೋ ಎಂದು ತಿಳಿಯುವುದು ಆ ನಂಬರಿನಿಂದಲೇ.

ಅಮೆರಿಕ–ಕೆನಡಾ ಗಡಿಯಲ್ಲಿ ಪುಟ್ಟ ವಿಮಾನದವನು ಹೊರಡುವ ಒಂದು ಗಂಟೆ ಮುಂಚೆ ಪ್ರಯಾಣಿಕರ ವಿವರವನ್ನು ಇಂಟರ್‌ನೆಟ್‌ನಲ್ಲಿ ಕಳಿಸಬೇಕು, ಕಸ್ಟಮ್ಸ್‌ಗೆ ಮುಂಚೆ ತಿಳಿಸಿ ಇಳಿಯಬೇಕು. ಅಲ್ಲಿ ವಾರಾಂತ್ಯದ ಊಟಕ್ಕೆ ಗಡಿ ದಾಟುವವರಿದ್ದಾರೆ. ನಮ್ಮಲ್ಲಿ ಹಾಗೇಕಿಲ್ಲ? ಕಾರಣ ಕಚೇರಿಗಳ ಜಡತೆಯೊಂದೇ ಅಲ್ಲ. ಈ ಆಕಾಶಕ್ಕೆ ನೆನಪುಗಳಿವೆ.

ಚಿಕ್ಕ ವಿಮಾನ, ದೊಡ್ಡ ಭಯ

ಗಡಿಯೇ ಇಲ್ಲದ ಕಾಲವೂ ಇತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್‌.ಡಿ. ಟಾಟಾ ಪುಸ್ ಮಾತ್ ಎಂಬ ಒಂದೇ ಎಂಜಿನಿನ ವಿಮಾನದಲ್ಲಿ ಟಪಾಲು ಹೊತ್ತು ಕರಾಚಿಯಿಂದ ಹೊರಟು ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಬಂದರು. ಅಹಮದಾಬಾದಿನಲ್ಲಿ ಎಣ್ಣೆಯ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬೈಯಿಂದ ಆ ಟಪಾಲನ್ನು ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಗೆ ತಂದು, ಅಲ್ಲಿಂದ ಮದ್ರಾಸಿಗೆ ಒಯ್ದರು. ಕರಾಚಿ–ಬಳ್ಳಾರಿ ಆಗ ಒಳನಾಡಿನ ದಾರಿ. ಮೂರು ವರ್ಷದ ನಂತರ, 1935ರ ನವೆಂಬರ್ 27ರಂದು, ಕೊಲಂಬೊ ಬಳಿಯ ರತ್ಮಲಾನದಲ್ಲಿ ಹೊಸ ವಿಮಾನ ನಿಲ್ದಾಣ ಸಿದ್ಧವಾದಾಗ ಅಲ್ಲಿ ಮೊಟ್ಟಮೊದಲು ಇಳಿದದ್ದೂ ಒಂದು ಪುಸ್ ಮಾತ್. ಹಾರಿಸಿದ್ದು ಮದ್ರಾಸ್ ಫ್ಲೈಯಿಂಗ್ ಕ್ಲಬ್ಬಿನ ಮುಖ್ಯ ಬೋಧಕ ಟಿಂಡೇಲ್ ಬಿಸ್ಕೊ. ಅಂದರೆ ಶ್ರೀಲಂಕಾದ ಆ ನಿಲ್ದಾಣಕ್ಕೆ ಗೃಹಪ್ರವೇಶ ಮಾಡಿದ್ದೇ ನೆರೆಮನೆಯ ಪುಟ್ಟ ವಿಮಾನ.

ಆ ಸಲಿಗೆ ಹೋದದ್ದು ಹೇಗೆ ಎನ್ನಲು 1987ರ ಒಂದೇ ವಾರ ಸಾಕು. ಮೇ 28ರಂದು ಮಥಿಯಾಸ್ ರುಸ್ಟ್ ಎಂಬ 18ರ ಜರ್ಮನ್ ಹುಡುಗ ಹೆಲ್ಸಿಂಕಿಯಿಂದ ಸೆಸ್ನಾ 172 ಹತ್ತಿ, ಯಾರನ್ನೂ ಕೇಳದೆ ಸೋವಿಯತ್ ಗಡಿ ದಾಟಿ, ಮಾಸ್ಕೊದ ರೆಡ್ ಸ್ಕ್ವೇರ್ ಪಕ್ಕದಲ್ಲೇ ಇಳಿದ. ಜಗತ್ತಿನ ಅತಿ ಬಿಗಿ ವಾಯು ರಕ್ಷಣೆಯ ಮಾನ ಹೋಯಿತು, ರಕ್ಷಣಾ ಸಚಿವರ ಕುರ್ಚಿಯೂ ಹೋಯಿತು. ಅದಾದ ಏಳನೇ ದಿನ, ಜೂನ್ 4ರಂದು, ನಮ್ಮ ಬೆಂಗಳೂರಿನಿಂದಲೇ ವಾಯುಪಡೆಯ ಐದು ಎಎನ್–32 ವಿಮಾನಗಳು ಮಿರಾಜ್‌ಗಳ ಕಾವಲಿನಲ್ಲಿ ಹೊರಟು, ಕೊಲಂಬೊ ಒಲ್ಲೆ ಎನ್ನುತ್ತಿದ್ದರೂ ಜಾಫ್ನಾದ ಮೇಲೆ ಅಕ್ಕಿ, ಔಷಧಿಯ ಮೂಟೆ ಉದುರಿಸಿ ಬಂದವು. ‘ಆಪರೇಷನ್ ಪೂಮಾಲೈ’ ಎಂದು ಅದಕ್ಕೆ ಹೆಸರು. ಹೂಮಾಲೆ ಎಂದು ನಾವು ಕರೆದದ್ದನ್ನು ಶ್ರೀಲಂಕಾ ತನ್ನ ಆಕಾಶದ ಅತಿಕ್ರಮಣ ಎಂದಿತು. ನಮ್ಮ ಕಾಲ್ಪನಿಕ ಸೆಸ್ನಾ ಹಾರಬೇಕೆಂದಿರುವುದೂ ಬೆಂಗಳೂರು–ಜಾಫ್ನಾ ದಾರಿಯಲ್ಲೇ!

ನಮಗೂ ಪಾಠವಾಯಿತು. 1995ರ ಡಿಸೆಂಬರ್ 17ರ ರಾತ್ರಿ ಒಂದು ಎಎನ್–26 ವಿಮಾನ ಪಶ್ಚಿಮ ಬಂಗಾಳದ ಪುರುಲಿಯಾದ ಹಳ್ಳಿಗಳ ಮೇಲೆ ರಾಶಿ ಬಂದೂಕು, ಮದ್ದುಗುಂಡು ಸುರಿದು ಹೋಯಿತು. ಬೆಳಿಗ್ಗೆ ಗದ್ದೆಗೆ ಹೋದವರಿಗೆ ಎಕೆ–47 ಸಿಕ್ಕವು. ಇನ್ನು ಶ್ರೀಲಂಕಾ ಕಂಡದ್ದು ನೇರವಾಗಿ ಪುಟ್ಟ ವಿಮಾನದ್ದೇ ಭೂತ. ಅಲ್ಲಿನ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ, ಜ್ಲಿನ್ 143 ಎಂಬ ನಾಲ್ಕು ಸೀಟಿನ ಜೆಕ್ ವಿಮಾನಗಳನ್ನು ಕದ್ದುಮುಚ್ಚಿ ತರಿಸಿ, ಹೊಟ್ಟೆಗೆ ಬಾಂಬು ಕಟ್ಟಿ, 2007ರ ಮಾರ್ಚ್ 26ರಂದು ಕಟುನಾಯಕದ ವಾಯುನೆಲೆಯ ಮೇಲೆ ದಾಳಿ ಮಾಡಿತು. ಮುಂದಿನ ತಿಂಗಳು ವಿಶ್ವಕಪ್ ಕ್ರಿಕೆಟ್ ಫೈನಲ್‌ನಲ್ಲಿ ಶ್ರೀಲಂಕಾ ಆಡುತ್ತಿದ್ದ ರಾತ್ರಿ ಕೊಲಂಬೊಗೆ ಮತ್ತೆ ಬಂತು, ಟಿ.ವಿ. ನೋಡುತ್ತಿದ್ದ ನಗರದ ದೀಪಗಳೆಲ್ಲ ಆರಿದವು. ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹುಡುಗರು ಕಲಿಯುವುದೂ ಇದೇ ಗಾತ್ರದ ವಿಮಾನದಲ್ಲಿ.

ಹೀಗಿರುವಾಗ ಎರಡು ದೇಶಗಳ ನಡುವಿನ ಪಾಕ್ ಜಲಸಂಧಿಯ ಮೇಲೆ ಜೆಟ್‌ಗಳಿಗಿಂತ ಕೆಳಗೆ, ನಿಧಾನವಾಗಿ ಬರುವ ಒಂಟಿ ಚುಕ್ಕಿಯನ್ನು ಎರಡೂ ದಡದವರು ಕಣ್ಣು ಕಿರಿದು ಮಾಡಿ ನೋಡಿದರೆ ಬೇಜಾರು ಮಾಡಿಕೊಳ್ಳುವುದು ಹೇಗೆ? ಜಂಬೊ ಜೆಟ್ಟು ಬರುವುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಹೇಳದೆ ಬರಬಲ್ಲದ್ದು ಗುಬ್ಬಿಯೇ. ಅದರ ಮೇಲೆ ಬ್ರಹ್ಮಾಸ್ತ್ರ ಹೂಡಿಟ್ಟದ್ದೂ ಅದಕ್ಕೇ.

ಆದರೂ ದಾಟಿದವರಿದ್ದಾರೆ. 2018ರ ಜುಲೈನಲ್ಲಿ ಮುಂಬೈನ ಆರೋಹಿ ಪಂಡಿತ್ ಮತ್ತು ಕೀಥೈರ್ ಮಿಸ್ಕ್ವಿಟಾ ಎಂಬ ಇಬ್ಬರು ಯುವತಿಯರು ಸುಮಾರು 400 ಕೆ.ಜಿ. ತೂಕದ ‘ಮಾಹಿ’ ಎಂಬ ವಿಮಾನದಲ್ಲಿ ಪಟಿಯಾಲದಿಂದ ಹೊರಟು, ಪಾಕಿಸ್ತಾನದಲ್ಲಿ ಇಳಿದು ಮುಂದೆ ಹೋದರು. 2019ರ ಮೇನಲ್ಲಿ ಆರೋಹಿ ಒಬ್ಬರೇ ಅದೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದರು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್, ಜಕ್ಕೂರಿನಿಂದ ಹಾರಲು ಶುರುಮಾಡಿದ ಕಂಪನಿ, ಶ್ರೀಲಂಕಾದಲ್ಲೂ ಹೆಲಿಕಾಪ್ಟರ್ ಹಾರಿಸಿತು. ಬಾಂಬುಗಳನ್ನು ಕಂಡಿದ್ದ ಪಲಾಲಿ 2019ರ ಅಕ್ಟೋಬರ್ 17ರಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಾಯಿತು. ಹಾಗಾದ ಮೇಲೆ ಮೊದಲ ಪ್ರಯಾಣಿಕ ವಿಮಾನ ಬಂದದ್ದು ಚೆನ್ನೈನಿಂದ.

ಹತ್ತೊಂಬತ್ತನೇ ಅಂಕಣ

ಕೊನೆಗೆ ಮತ್ತೆ ಫ್ಲೈಟ್ ಪ್ಲಾನ್ ಫಾರಂಗೆ ಬರೋಣ. ಜಗತ್ತಿನಾದ್ಯಂತ ಒಂದೇ ನಮೂನೆ. ಎಲ್ಲಿಂದ, ಎಲ್ಲಿಗೆ, ಯಾವ ಎತ್ತರ, ಯಾವ ವೇಗ ಎಂಬುದೆಲ್ಲ ತುಂಬಿದ ಮೇಲೆ ತಳದಲ್ಲಿ 19ನೇ ಅಂಕಣ ಸಿಗುತ್ತದೆ. ಅದು ಕೇಳುವ ಪ್ರಶ್ನೆಗಳೇ ಬೇರೆ. ಎಷ್ಟು ಗಂಟೆಗೆ ಸಾಕಾಗುವಷ್ಟು ಎಣ್ಣೆಯಿದೆ? ಒಳಗೆ ಎಷ್ಟು ಜೀವ? ಲೈಫ್ ಜಾಕೆಟ್ಟಿಗೆ ದೀಪವಿದೆಯೇ? ರಬ್ಬರ್ ದೋಣಿ ಎಷ್ಟು, ಅದರ ಹೊದಿಕೆಯ ಬಣ್ಣ ಯಾವುದು? ವಿಮಾನದ ಬಣ್ಣ ಯಾವುದು?

ಫಾರಂನ ಉಳಿದ ವಿವರ ತಿರುಚಿರಾಪಳ್ಳಿಯಿಂದ ಚೆನ್ನೈಗೆ, ಕೊಲಂಬೊಗೆ, ಜಾಫ್ನಾಕ್ಕೆ ಸಂದೇಶವಾಗಿ ಓಡುತ್ತದೆ. ಈ 19ನೇ ಅಂಕಣ ಮಾತ್ರ ಓಡುವುದಿಲ್ಲ. ಹೊರಟ ಊರಿನ ಕಚೇರಿಯಲ್ಲೇ ಉಳಿಯುತ್ತದೆ. ಯಾರೂ ಅದನ್ನು ಓದುವ ಪ್ರಸಂಗ ಬಾರದಿರಲಿ ಎಂಬುದೇ ಎಲ್ಲರ ಆಸೆ. ಹೇಳಿದ ಹೊತ್ತಿಗೆ ವಿಮಾನ ಇಳಿದಿಲ್ಲ, ಅರ್ಧ ಗಂಟೆಯಾದರೂ ಸುದ್ದಿಯಿಲ್ಲ ಎಂದಾಗ ಅದನ್ನು ಹೊರತೆಗೆಯುತ್ತಾರೆ. ಕಡಲಿನ ಮೇಲೆ ಹುಡುಕಲು ಹೊರಟವರಿಗೆ ಆಗ ಬೇಕಾಗುವುದು ಎಡಿಸಿ ನಂಬರಲ್ಲ, ದೋಣಿಯ ಬಣ್ಣ.

ಅಷ್ಟು ದಿನ ಬರೀ ಅನುಮಾನವಾಗಿ ಕಂಡ ಕಾಗದಕ್ಕೆ ಹೀಗೊಂದು ಇನ್ನೊಂದು ಮುಖವಿದೆ. ನಿಮ್ಮನ್ನು ಶಂಕಿಸಲು ಇಟ್ಟುಕೊಂಡ ಫಾರಂನಲ್ಲೇ ನಿಮ್ಮನ್ನು ಹುಡುಕಲು ಬೇಕಾದ್ದನ್ನೂ ಬರೆಸಿಕೊಂಡಿರುತ್ತಾರೆ. ಹಾಗಾಗಿ ಪಲಾಲಿಯಲ್ಲಿ ಚಕ್ರ ನೆಲ ಮುಟ್ಟಿ, ಎಂಜಿನ್ ಆರಿಸಿದ ಮೇಲೆ, ಇಮಿಗ್ರೇಷನ್ನಿನತ್ತ ನಡೆಯುವ ಮುನ್ನ ಪೈಲಟ್ ಒಂದು ಸಂಗತಿಯನ್ನು ಖಾತ್ರಿ ಮಾಡಿಕೊಳ್ಳಲೇಬೇಕು: ತಾನು ಬಂದು ಸೇರಿದ ಸುದ್ದಿ ಹೋಯಿತೇ, ಫ್ಲೈಟ್ ಪ್ಲಾನ್ ಮುಚ್ಚಿದರೇ ಎಂದು.

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಮಗನನ್ನು ಬಸ್ಸು ಹತ್ತಿಸಿ, ಕಿಟಕಿಯ ಸರಳು ಹಿಡಿದು, ಬಸ್ಸು ಹೊರಟರೂ ಜೊತೆಗೆ ನಾಲ್ಕು ಹೆಜ್ಜೆ ಹಾಕುತ್ತಾ ತಾಯಿ ಹೇಳುವುದು ಇದನ್ನೇ: ‘ಮುಟ್ಟಿದ ತಕ್ಷಣ ಫೋನ್ ಮಾಡು.’